ಐವತ್ತನೆಯ ಸೆಲ್

ಸೊಸೆಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಬ್ಯಾಟರಿ ರಿಪೇರಿಗೆ ಕೂತು ಆರು ವರ್ಷ ಬೆಸುಗೆಯ ಹೊಗೆ ಕುಡಿದ ಮೇಲೆ, ಒಲೆಯ ಮೇಲೆ ಹಾಲು ಸೀದರೂ ತಿಳಿಯುತ್ತಿರಲಿಲ್ಲ. ಸೋರುವ ಸೆಲ್ಲಿಗೆ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಇರುತ್ತದೆ. ಅದನ್ನು ಹಿಡಿಯುವ ಕೆಲಸ ಅತ್ತೆಯದು. ಮೇಜಿನ ಪಕ್ಕ ಸ್ಟೂಲಿನಲ್ಲಿ ಕೂತು, ಸೊಸೆ ಚಾಚಿದ ಸೆಲ್ ಮೂಸಿ, "ಇದು ಬೇಡ ಕಣೇ, ಎಸಿ. ನಿನ್ನ ಮೂಗು ಕನ್ನಡಕ ಕೂರಿಸೋಕೆ ಮಾತ್ರ ಸರಿ" ಎನ್ನುತ್ತಿದ್ದರು.

ಅತ್ತೆ ತೀರಿಕೊಂಡು ಹದಿನೈದು ದಿನವಾಗಿತ್ತು. ಖಾಲಿ ಸ್ಟೂಲು ಕಣ್ಣಿಗೆ ಚುಚ್ಚುತ್ತದೆಂದು ಸೊಸೆ ಅದನ್ನು ಹಿತ್ತಿಲಿಗೆ ಹಾಕಿದ್ದಳು.

ಗಂಡನ ಕಾಲುಗಳಿಗೆ ಸ್ವಾಧೀನವಿರಲಿಲ್ಲ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಸೋಮವಾರ ಸೇರದಿದ್ದರೆ ಬೇರೆಯವರ ಪಾಲು. ಗಾಲಿಕುರ್ಚಿಯ ಬ್ಯಾಟರಿ ನೋಡಿದರೆ ಸತ್ತು ಕೂತಿತ್ತು. ಕುರ್ಚಿಗೆ ಬೇಕಾದದ್ದು ಮೂವತ್ತಾರು ವೋಲ್ಟ್. ಮನೆಯಲ್ಲಿದ್ದದ್ದು ಹಳೆ ಸ್ಕೂಟರಿನ ನಲವತ್ತೆಂಟು ವೋಲ್ಟಿನ ಪ್ಯಾಕ್. ನಾಲ್ಕು ನಾಲ್ಕು ಸೆಲ್ಲುಗಳ ಹದಿಮೂರು ಗುಂಪು, ಒಟ್ಟು ಐವತ್ತೆರಡು. ಬಿಚ್ಚಿ, ಐದೈದರ ಹತ್ತು ಗುಂಪು ಮಾಡಿ ಸಾಲಾಗಿ ಜೋಡಿಸಿದರೆ ಮೂವತ್ತಾರು ಬರುತ್ತದೆ, ಎರಡು ಮಿಗುತ್ತವೆ.

ಮೀಟರಿನಲ್ಲಿ ಎಲ್ಲವೂ ಸರಿಯಿದ್ದವು. ಹತ್ತೊಂಬತ್ತನೆಯದನ್ನು ಅಭ್ಯಾಸಬಲದಿಂದ ಸ್ಟೂಲಿದ್ದ ಜಾಗದತ್ತ ಚಾಚಿದಾಗ ಸೊಸೆಯ ಮೂಗಿಗೆ ಸಿಹಿ ವಾಸನೆ ಹೊಡೆಯಿತು. ಬೆಚ್ಚಿಬಿದ್ದು ಸೋಪು ಮೂಸಿದಳು, ಏನಿಲ್ಲ. ಸೀಮೆಎಣ್ಣೆ ಮೂಸಿದಳು, ಏನಿಲ್ಲ. ಸೆಲ್ ಮೂಸಿದಳು, ಇದೆ. ಐವತ್ತೆರಡೂ ಮುಗಿಯುವಷ್ಟರಲ್ಲಿ ಅಂಥವು ಮೂರಾದವು.

"ರೀ, ಮೂರು ಸೆಲ್ ವಾಸನೆ ಹೊಡೀತಿವೆ."

ಗಂಡ ನಕ್ಕ. "ಮೊನ್ನೆ ಪಾತ್ರೆ ಸೀದು ಕರಿ ಹಿಡಿದಾಗ ಎಲ್ಲಿಗೆ ಹೋಗಿತ್ತಮ್ಮ ಈ ಮೂಗು?"

"ಇದು ನಂದಲ್ಲ ರೀ. ಅತ್ತೇದು."

ಅವನ ನಗು ನಿಂತಿತು. "ಮೀಟರ್ ಏನನ್ನುತ್ತೆ?"

"ಸರಿ ಇದೆ ಅನ್ನುತ್ತೆ."

"ಹಾಗಾದ್ರೆ ಹಾಕು. ನಾಲ್ಕರ ಗುಂಪು ಮಾಡಿದ್ರೆ ಚಾರ್ಜ್ ಸಾಲದೆ ಬರೋವಾಗ ನಡುದಾರೀಲಿ ನಿಲ್ಲುತ್ತೆ. ದಿನಾ ನೀನು ಬಂದು ತಳ್ತೀಯಾ?"

ಬೇಕಾದದ್ದು ಐವತ್ತು, ಉಳಿದದ್ದು ನಲವತ್ತೊಂಬತ್ತು. ಹೊರಗಿನ ಸೆಲ್ ಇವುಗಳ ಜೊತೆ ಹೊಂದುವುದಿಲ್ಲ. ಮೂರರಲ್ಲಿ ವಾಸನೆ ಕಡಿಮೆಯಿದ್ದ ಒಂದನ್ನು ಆರಿಸಿ, ಉಸಿರು ಬಿಗಿಹಿಡಿದು, ನಿಕಲ್ ಪಟ್ಟಿಗೆ ಬೆಸೆದಳು.

ಭಾನುವಾರ ಮಧ್ಯಾಹ್ನ ಪ್ಯಾಕನ್ನು ಕುರ್ಚಿಗೆ ಕೂರಿಸಿ ಚಾರ್ಜಿಗೆ ಹಾಕಿ, ನೀರು ತರಲು ಹೋದಳು. ಗಂಡ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಬೀದಿಯ ತುದಿಯ ನಲ್ಲಿಯಲ್ಲಿ ಬಿಂದಿಗೆ ಅರ್ಧ ತುಂಬಿತ್ತು. ಯಾರೋ ಸೆಲ್ ತಂದು ಮೂಗಿಗೇ ಹಿಡಿದ ಹಾಗೆ ಆ ವಾಸನೆ ಬಂತು. ಅಲ್ಲಿಂದ ಮನೆಗೆ ನೂರು ಹೆಜ್ಜೆ. ಸೊಸೆ ಬಿಂದಿಗೆ ಬಿಟ್ಟು ಓಡಿದಳು. ಗಂಡನ ಕಂಕುಳಿಗೆ ಕೈ ಹಾಕಿ ದರದರ ಎಳೆದು ಹೊಸಿಲು ದಾಟಿಸುವಷ್ಟರಲ್ಲಿ ಹಿಂದೆ ಸೆಲ್ಲುಗಳು ಒಂದರ ಹಿಂದೊಂದು ಸಿಡಿಯತೊಡಗಿದವು.

ಬೆಂಕಿ ಆರಿದ ಮೇಲೆ ಒಳಗೆ ಹೋದಳು. ಕುರ್ಚಿಯ ಅಸ್ಥಿಪಂಜರದ ಪಕ್ಕದಲ್ಲಿ ಸ್ಟೂಲಿನ ನಾಲ್ಕು ಕಾಲು ಇದ್ದಿಲಾಗಿ ನಿಂತಿದ್ದವು.

"ಸ್ಟೂಲು ಯಾರು ಒಳಗೆ ತಂದದ್ದು?"

"ನಂಗೆ ತೂಕಡಿಕೆ ಹತ್ತೋವಾಗ ಪಕ್ಕದಲ್ಲೇ ಇತ್ತಲ್ಲ," ಎಂದ ಗಂಡ ಹೊರಗಿನಿಂದ. "ನೀನೇ ಇಟ್ಟೆ ಅಂದ್ಕೊಂಡೆ."

ಸೊಸೆ ಹೊಗೆಯ ನಡುವೆ ನಿಂತು ಮೂಗೆಳೆದು ನೋಡಿದಳು. ಏನೂ ಬರಲಿಲ್ಲ.

ಹೋದದ್ದು ಐವತ್ತು ಸೆಲ್, ಒಂದು ಗಾಲಿಕುರ್ಚಿ, ಒಂದು ಕೆಲಸ, ಒಂದು ಸ್ಟೂಲು, ಒಂದು ಮೂಗು.