ಬೆಳ್ಳಿ ಬಟ್ಟಲು

"ಏಯ್ ಬೋಸುಡಿ, ಮತ್ತ ಎದಿ ಬಿಚ್ಚಿಕೊಂಡು ಕುಂತೇನು? ಲಾರಿ ನಿಂತಾವು, ಸುತಗಿ ಹಿಡಿ!"

ಮೇಸ್ತ್ರಿ ಪಾಲಪ್ಪ ಕೂಗಿದ್ದಕ್ಕೆ ಹೊಳೆಮ್ಮ ಕೂಸಿನ ಬಾಯಿಂದ ಮೊಲೆ ಬಿಡಿಸಿಕೊಂಡು ಎದ್ದಳು. ಸಂಡೂರಿನ ಗುಡ್ಡಕ್ಕೆ ಅದಿರು ಒಡೆಯಲು ಅವಳು ಹಸಿ ಬಾಣಂತಿ ಮೈಯಲ್ಲೇ ಬಂದಿದ್ದಳು. ಸುತ್ತಿಗೆ ಎತ್ತಿದಾಗಲೆಲ್ಲ ಹೊಲಿಗೆ ಹಾಕಿದ ಜಾಗ ಚುರ್ ಅನ್ನುತ್ತಿತ್ತು, ತೊಡೆಸಂದಿಯ ಬಟ್ಟೆ ತೊಯ್ದು ಭಾರವಾಗುತ್ತಿತ್ತು. ಕೂಸು ಅತ್ತರೆ ಹಾಲು ತಾನಾಗಿ ಸೋರಿ, ಕುಪ್ಪಸದ ಮೇಲಿನ ಕೆಂಪು ಧೂಳು ಕೆಸರಾಗುತ್ತಿತ್ತು.

ಮರುದಿನ ಅದೇ ಪಾಲಪ್ಪ ಜೀಪು ತಂದು ನಿಲ್ಲಿಸಿ ಮೆತ್ತಗೆ ಮಾತಾಡಿದ.

"ಹೊಳೆವ್ವಾ, ಹತ್ತಬೇ. ಮಾಲಕರ ಸೊಸಿಗೆ ಹಾಲಿಲ್ಲ. ಡಬ್ಬಿಹಾಲು ಕುಡಿಸಿದ್ರ ಕೂಸು ಕಾರಕೊಂತೈತಿ. ಹೊಸಪೇಟಿಗೆ ಹೋಗಿ ಬರೂಣು."

"ನನ್ನ ಕೂಸು?"

"ಅದನ್ನೂ ಎತ್ಕ್ಯಾ."

ಹೊಸಪೇಟೆಯ ಮನೆಯಲ್ಲಿ ಹಿತ್ತಿಲ ಬಾಗಿಲು ತೆರೆಯಿತು. ಮಾಲೀಕನ ಹೆಂಡತಿ ಯಮುನಾಬಾಯಿ ಸಾಬೂನು ಎಸೆದು, "ಎದಿ ಚಲೋತ್ನಾಗ ತೊಳಕೋ" ಎಂದರು. ಎದುರಿಗೇ ನಿಂತು ನೋಡಿದರು. ಆಮೇಲೆ ಬೆಳ್ಳಿ ಬಟ್ಟಲನ್ನು ನೆಲಕ್ಕಿಟ್ಟು ಕಾಲಿಂದ ಸರಿಸಿದರು.

"ಇದರಾಗ ಹಿಂಡು. ನಿನ್ನ ಕೂಸಿಗೆ ಉಳಿದದ್ದು."

"ಹಿಂಡಿದ್ರ ಭಾಳ ನೋಯ್ತೈತ್ರಿ ಅವ್ವಾ. ನಿಮ್ಮ ಕೂಸನ್ನ ಕೊಡ್ರಿ, ಎದಿಗೆ ಹಚ್ಚತೀನಿ."

"ಥೂ! ನಮ್ಮ ಕೂಸನ್ನ ನೀ ಮುಟ್ಟೂದೇ?"

"ಮತ್ತ ನನ್ನ ಹಾಲು?"

"ಹಾಲು ಔಷಧಿದ್ದಂಗ. ಔಷಧಕ್ಕ ಮೈಲಿಗಿಲ್ಲ."

ಒಳಗೆ ಆ ಕೂಸು ಬೆಕ್ಕಿನ ಮರಿಯ ಹಾಗೆ ಅಳತೊಡಗಿತು. ಹೊಳೆಮ್ಮನ ಎದೆ ಜುಮ್ಮೆಂದು ಬಿಗಿದು ತಟತಟ ತೊಟ್ಟಿಕ್ಕಿತು. ತನ್ನ ಮೈ ಮೇಲೇ ಅವಳಿಗೆ ರೇಗಿತು. ಯಾರ ಕೂಸು ಅತ್ತರೂ ಸೋರುವ ಈ ಹಾಳು ಮೈಗೆ ಒಂದಿಷ್ಟಾದರೂ ನಾಚಿಕೆ ಬೇಡವೇ?

ಅಷ್ಟರಲ್ಲಿ ಕಂಕುಳಲ್ಲಿದ್ದ ತನ್ನದೂ ಅತ್ತಿತು. ಅವಳು ಬಟ್ಟಲನ್ನು ದಾಟಿ, ಯಮುನಾಬಾಯಿಯನ್ನು ದಾಟಿ, ಸೀದಾ ನಡುಮನೆಗೆ ನಡೆದು ನೆಲಕ್ಕೆ ಕುಂತಳು. ಮಗಳಿಗೆ ಮೊಲೆ ಕೊಟ್ಟಳು.

"ಅಯ್ಯಯ್ಯೋ, ಹೊರಗ ನಡಿಯೇ ರಂಡೆ!"

ಹೊಳೆಮ್ಮ ಅಲುಗಲಿಲ್ಲ. ಕೋಣೆಯ ಬಾಗಿಲಿಗೆ ಸೊಸೆ ಪ್ರಿಯಂವದಾ ಕೂಸನ್ನು ಅವಚಿಕೊಂಡು ಬಂದು ನಿಂತಳು. ಅವಳ ಕಣ್ಣುಗಳು ಕುಳಿಬಿದ್ದಿದ್ದವು. ಹೊಳೆಮ್ಮ ಸೆರಗು ಸರಿಸಿ ಇನ್ನೊಂದು ಎದೆಯನ್ನೂ ಬಿಚ್ಚಿದಳು.

"ತರ್ರಿ ಇಲ್ಲಿ. ನನ್ನ ತೊಡಿಮ್ಯಾಲ ಮಲಗಿ ಕುಡೀಲಿ. ಬ್ಯಾಡಂದ್ರ ಅಳ್ಲಿ. ಬಟ್ಟಲಕ್ಕ ಹಿಂಡಾಕ ನಾ ಎಮ್ಮಿ ಅಲ್ಲ."

ಪ್ರಿಯಂವದಾ ಹೊಸ್ತಿಲು ದಾಟಿ ಒಂದು ಕಾಲಿಟ್ಟಳು. ಯಮುನಾಬಾಯಿ ಓಡಿ ಬಂದು ಅವಳ ರಟ್ಟೆ ಹಿಡಿದು ಜಗ್ಗಿದರು. ಕೂಸು ಉಸಿರು ಕಟ್ಟಿ ಅಳುತ್ತಿತ್ತು. ಹೊಳೆಮ್ಮನ ತೆರೆದ ಮೊಲೆಯಿಂದ ಹಾಲು ಪಾಲಿಷ್ ಕಲ್ಲಿನ ನೆಲದ ಮೇಲೆ ಹನಿಯುತ್ತಲೇ ಇತ್ತು.