ಬೂಬಮ್ಮನ ಪೆಟ್ಟಿಗೆಯ ಲಂಗ

ಸೋಮಿಗೆ ಒಂದು ಗಿಣಿಹಸಿರು ಲಂಗವಿತ್ತು. ಅದು ಅವಳ ಮನೆಯಲ್ಲಿರಲಿಲ್ಲ. ಆರು ಮೈಲಿ ದೂರದ ಮಂಡ್ಯ ಪೇಟೆಯಲ್ಲಿ, ದರ್ಜಿ ಮೆಹಬೂಬ್ ಪಾಷಾನ ಹೆಂಡತಿ ಬಿಬಿ ಜಾನಳ ತಗಡಿನ ಪೆಟ್ಟಿಗೆಯಲ್ಲಿತ್ತು. ಸೋಮಿ ಅದನ್ನು ಉಡುತ್ತಿದ್ದದ್ದು ವರ್ಷಕ್ಕೊಂದೇ ಸಲ, ಮಾರ್ನಾಮಿ ಹಬ್ಬದ ಮರುದಿನ.

ಊರಲ್ಲೇ ಯಾಕೆ ಉಡಬಾರದು ಎಂದು ಕೇಳುವವರು ಆ ಊರನ್ನು ಕಂಡಿಲ್ಲ. ಹೊಳಲು ದಾಟಿ ಎರಡು ಮೈಲಿ ನಡೆದರೆ ಸಿಗುತ್ತದೆ. ಹೆಸರು ಬೇಡ, ಅಕ್ಕಪಕ್ಕದ ಊರುಗಳು ನಾವೇನು ಕಮ್ಮಿ ಎಂದಾವು. ಅಲ್ಲಿ ಊರಾಚೆಯ ಹೊಲಗೇರಿಯ ಹೆಂಗಸರ ಸೀರೆ ಮೊಣಕಾಲಿಂದ ಕೆಳಗಿಳಿಯುವಂತಿರಲಿಲ್ಲ. ತಲೆಗೆ ಹೂವು ಏರುವಂತಿರಲಿಲ್ಲ. ಊರ ಬೀದಿಯಲ್ಲಿ ಕಾಲಿಗೆ ಚಪ್ಪಲಿ ಇರುವಂತಿರಲಿಲ್ಲ. ಇದನ್ನು ಯಾವ ಸರ್ಕಾರವೂ ಬರೆದಿಟ್ಟಿರಲಿಲ್ಲ. ಬರೆಯದ ಕಾನೂನಿನ ಮೇಲೆ ಯಾವ ಕೋರ್ಟಿನಲ್ಲೂ ಅಪೀಲು ನಡೆಯುವುದಿಲ್ಲವಲ್ಲ, ಅದೇ ಅದರ ಜಾಣತನ.

ಆ ಕೇರಿಯ ಸೋಮಿಯ ತಾಯಿ ಹೊಂಬಾಳಮ್ಮ ಮಂಡ್ಯಕ್ಕೆ ಸೌದೆ ಹೊರೆ ಹೊತ್ತು ಮಾರುವವಳು. ಬಿಬಿ ಜಾನ್ ಅವಳ ಖಾಯಂ ಗಿರಾಕಿ, ಹೊಂಬಾಳಮ್ಮನ ಬಾಯಲ್ಲಿ ಬೂಬಮ್ಮ. ಒಂದು ದಿನ ಮೆಹಬೂಬ್ ಪಾಷಾ ಯಾರದೋ ಮದುವೆ ಬಟ್ಟೆ ಹೊಲಿದು ಉಳಿದ ರೇಷ್ಮೆ ತುಂಡನ್ನು ಮಡಿಸುತ್ತಿದ್ದಾಗ ಹೊಂಬಾಳಮ್ಮ ಸೌದೆ ಇಳಿಸುವುದನ್ನೂ ಮರೆತು ನಿಂತುಬಿಟ್ಟಳು.

"ಏನು ಹೊಂಬಾಳಾ, ಮಗಳ ನೆನಪಾ?" ಎಂದಳು ಬಿಬಿ ಜಾನ್.

"ಊಂ ಬೂಬಮ್ಮ. ಇಂತಾದ್ದು ನನ್ ಕೂಸಿನ ಮೈಮ್ಯಾಲೆ ಒಂದ್ ಗಳಿಗೆ ನೋಡ್ಬುಟ್ರೆ ಸಾಕು."

ಸೋಮಿಗೆ ಆಗ ಐದು ವರ್ಷ. ಆ ಮಾರ್ನಾಮಿಗೆ ತಾಯಿ ಅವಳನ್ನು ಕಂಕುಳಲ್ಲಿ ಹೊತ್ತು ಹೋದಳು. ಕೆಂಪು ಅಂಚಿನ ಲಂಗ ಸಿದ್ಧವಾಗಿತ್ತು. ಬಿಬಿ ಜಾನಳ ಮಗಳು ಖುರ್ಷೀದಳ ಹಳೆಯ ಚಪ್ಪಲಿ ಕಾಲಿಗೆ ಬಂತು. ಹೊಂಬಾಳಮ್ಮನಿಗೆ ಬೇರೆ ಸೀರೆ ಇರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಉಟ್ಟಿದ್ದನ್ನೇ ಬಿಚ್ಚಿ, ಪಾದ ಮುಚ್ಚುವಂತೆ ಇಳಿಸಿ ಉಟ್ಟಳು. ಅದಕ್ಕೆ ಕಾಸೇನೂ ಬೇಕಾಗಲಿಲ್ಲ. ಬೇಕಾಗಿದ್ದು ಆರು ಮೈಲಿಯ ದೂರ ಮಾತ್ರ.

ತಾಯಿ ಮಗಳು ಪೇಟೆಬೀದಿ ಸುತ್ತಿ, ಕಡ್ಲೆಪುರಿ ಕಟ್ಟಿಸಿಕೊಂಡು, ಸ್ಟೇಷನ್ನಿಗೆ ಹೋಗಿ ಮೈಸೂರಿನ ರೈಲು ನೋಡುವರು. ಯಾರಾದರೂ ಯಾವೂರಮ್ಮ ಎಂದರೆ ಮೊದಲ ವರ್ಷ ಬೆಳಕವಾಡಿ, ಎರಡನೆಯ ವರ್ಷ ಚಿಕ್ಕರಸಿನಕೆರೆ. ಸೋಮಿಗೆ ಇದೊಂದು ಆಟ.

"ಈ ಸಲ ಯಾವೂರವ್ವ ನಮ್ದು?"

"ಮಳವಳ್ಳಿ ಅಂತೀನಿ. ನೀನ್ ನಗಬ್ಯಾಡ, ಅಷ್ಟೆಯಾ."

ಎರಡನೆಯ ವರ್ಷ ಮದ್ದೂರಿಗೆ ಹೊರಟಿದ್ದ ಹೆಂಗಸೊಬ್ಬಳು ಬೆಂಚಿನಲ್ಲಿ ಸರಿದು ಜಾಗ ಕೊಟ್ಟಿದ್ದಳು. ತನ್ನ ಮುಡಿಯ ಮಲ್ಲಿಗೆಯಲ್ಲಿ ಒಂದು ತುಂಡು ಮುರಿದು ತಾನೇ ಸೋಮಿಯ ಜಡೆಗೆ ಸಿಕ್ಕಿಸಿ, "ಗೊಂಬೆ ಇದ್ದಂಗಿದ್ದೀಯ ಕಣೆ" ಎಂದು ಗಲ್ಲ ಹಿಡಿದಿದ್ದಳು. ಹೊಂಬಾಳಮ್ಮನ ಎದೆ ಹೆದರಿಕೆಗೂ ಸಂತೋಷಕ್ಕೂ ಒಟ್ಟೊಟ್ಟಿಗೆ ಹೊಡೆದುಕೊಂಡಿತ್ತು. ಆಮೇಲೆ ಒಂದು ವರ್ಷ ಪೂರ್ತಿ, ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವಾಗಲೆಲ್ಲ, ಮಗಳ ಗಲ್ಲದ ಮೇಲಿದ್ದ ಆ ಪರಕೀಯ ಬೆರಳುಗಳು ಅವಳ ಕಣ್ಣ ಮುಂದೆ ಬರುತ್ತಿದ್ದವು.

ಸಂಜೆ ಲಂಗ ಪೆಟ್ಟಿಗೆಗೆ, ಸೀರೆ ಮೊಣಕಾಲಿಗೆ. ಕೇರಿಗೆ ಮರಳುವಾಗ ಅವರ ಮೈಮೇಲೆ ಹಬ್ಬದ ಗುರುತು ಒಂದೂ ಇರುತ್ತಿರಲಿಲ್ಲ. ಸೋಮಿಯ ಅಪ್ಪ ಕೆಂಪಸಿದ್ದಯ್ಯನೂ ಆ ಲಂಗವನ್ನು ಕಂಡವನಲ್ಲ.

ಮೂರನೆಯ ವರ್ಷ, ಎರಡನೆಯ ಮಹಾಯುದ್ಧ ಶುರುವಾಗಿ ನಾಲ್ಕು ವರ್ಷವಾಗಿತ್ತು, ರಂಜಾನ್ ಮುಗಿದ ವಾರವೇ ಮಾರ್ನಾಮಿ ಬಂತು. ಮಧ್ಯಾಹ್ನ ಹೊಂಬಾಳಮ್ಮ ಉಪ್ಪು ತರಲು ಹೋದಾಗ ಸೋಮಿ ಬಿಬಿ ಜಾನಳ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಹಬ್ಬಕ್ಕೆ ಕೊಯ್ದ ಗೋರಂಟಿ ಸೊಪ್ಪು ಇನ್ನೂ ಉಳಿದಿತ್ತು. ಅರೆದು, ಮಗುವಿನ ಎರಡೂ ಅಂಗೈಗೆ ದುಂಡಗೆ ಹಚ್ಚಿದಳು. ತನ್ನ ಮಗಳಿಗೆ ಮಾಡುವುದನ್ನು ಈ ಮಗಳಿಗೂ ಮಾಡಿದಳು, ಅಷ್ಟೆ. ಹೊಂಬಾಳಮ್ಮ ಬರುವ ಹೊತ್ತಿಗೆ ಅದು ಒಣಗಿ ಉದುರುತ್ತಿತ್ತು.

"ಅಯ್ಯೋ ಬೂಬಮ್ಮ! ಇದನ್ನೆಂಗೆ ಬಿಚ್ಚಲಿ?"

ಬಿಬಿ ಜಾನಳಿಗೆ ಆಗಷ್ಟೇ ತಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡಳು.

ದಾರಿಯ ನಾಲೆಯಲ್ಲಿ ಹೊಂಬಾಳಮ್ಮ ಮಗಳ ಕೈಯನ್ನು ಮರಳಿನಿಂದ ತಿಕ್ಕಿದಳು. ಮನೆಯಲ್ಲಿ ಬೂದಿಯಿಂದ, ಹುಣಸೆಹಣ್ಣಿನಿಂದ ತಿಕ್ಕಿದಳು. ಹುಣಸೆಹುಳಿ ಬಿದ್ದಷ್ಟೂ ಕೆಂಪು ಬಲಿಯಿತು. ಸೋಮಿ ಅತ್ತಳು, ತಾಯಿಯೂ ಅತ್ತಳು.

ಬೆಳಿಗ್ಗೆ ಸೋಮಿ ಪಟೇಲ ಬೋರಯ್ಯನ ಹಟ್ಟಿಯಲ್ಲಿ ಸಗಣಿ ಬಾಚಬೇಕು. ಸಗಣಿ ಮೆತ್ತಿದ ಕೈಯನ್ನು ಯಾರೂ ನೋಡಲಿಲ್ಲ. ಕೆಲಸ ಮುಗಿದು ಕೈ ತೊಳೆದ ಮೇಲೆ ಪಟೇಲನ ಹೆಂಡತಿ ಮಂಗಳಮ್ಮ ರಾತ್ರಿ ಉಳಿದ ಮುದ್ದೆ ತಂದಳು. ಕೇರಿಯವರಿಗೆ ಮುದ್ದೆಯನ್ನು ಮೇಲಿಂದ ಎತ್ತಿ ಹಾಕುವುದು ಪದ್ಧತಿ, ಕೈಗೆ ಕೈ ತಾಕದಂತೆ. ಹಾಗೆ ಹಾಕಿಸಿಕೊಳ್ಳಬೇಕಾದರೆ ಎರಡೂ ಅಂಗೈ ಅಗಲಿಸಿ ಹಿಡಿಯಲೇಬೇಕು. ಸೋಮಿ ಹಿಡಿದಳು.

"ಏನಮ್ಮಿ ಇದು, ಗೋರಂಟಿಯಾ? ಯಾವ ದೊರೆ ಬತ್ತಾನೆ ನಿನ್ನ ಮದ್ವೆ ಆಗಕ್ಕೆ?"

ಸೋಮಿಗೆ ಅದು ಹಂಗಿಸುವ ಮಾತು ಅನ್ನಿಸಲಿಲ್ಲ. ಕೇಳುವವರು ಸಿಕ್ಕಿದ ಖುಷಿಗೆ ಲಂಗ, ಚಪ್ಪಲಿ, ರೈಲು, ಮಲ್ಲಿಗೆ ಮುಡಿಸಿದ ಹೆಂಗಸು, ಎಲ್ಲವನ್ನೂ ಹೇಳಿಬಿಟ್ಟಳು. ಮಂಗಳಮ್ಮ ಮುದ್ದೆಯನ್ನು ಕೈಗೆ ಹಾಕಲಿಲ್ಲ, ಎಮ್ಮೆಯ ಮುಂದಿನ ಕಲಗಚ್ಚಿನ ಬಾನಿಗೆ ಹಾಕಿದಳು.

ಸಂಜೆ ಪಟೇಲ ತನ್ನ ಆಳು ಕೆಂಪಸಿದ್ದಯ್ಯನನ್ನು ಅಂಗಳಕ್ಕೆ ಕರೆಸಿದ. "ಏನ್ಲಾ, ನಿನ್ನ ಎಂಡ್ರು ಪ್ಯಾಟೆಲಿ ಜಾತಿ ಬಚ್ಚಿಟ್ಕೊಂಡು ಮೆರೀತಾಳಂತೆ? ಯಾವಳ ಪಕ್ಕದಲ್ಲೋ ಬೆಂಚ್ ಮ್ಯಾಲೆ ಕೂತ್ಕೊಂಡಿದ್ಲಂತೆ? ಇನ್ನೊಂದ್ಸಲ ಕಿವಿಗ್ ಬಿದ್ರೆ ಊರೇ ಬುಡುಸ್ತೀನಿ. ಆ ಕೈ ಬಣ್ಣ ಓಗೋಗಂಟ ಮಗೀನ ಈ ಕಡೆ ಕಳುಸ್ಬ್ಯಾಡ."

ಊಟ ಮಾಡದೆ ಕೂತಿದ್ದ ಗಂಡ ಹೊಡೆದಾನು ಎಂದು ಹೊಂಬಾಳಮ್ಮ ಕಾದಳು. ಅವನು ಹೊಡೆಯಲಿಲ್ಲ, ಕೇಳಿದ.

"ಲಂಗ ಯಾವ ಬಣ್ಣ?"

"ಗಿಣಿ ಅಸ್ರು."

"ಅಂಚು?"

"ಕೆಂಪು."

"ಉದ್ದ ಎಷ್ಟದೆ?"

"ಪಾದ ಮುಟ್ತದೆ."

ಅವನು ಹೂಂ ಎಂದ. ಮಲಗಿದ್ದ ಮಗಳ ಪಾದಗಳನ್ನೇ ನೋಡುತ್ತ ಕೂತ.

ಬಣ್ಣ ಮಾಸಿತು. ಸೋಮಿ ಮತ್ತೆ ಸಗಣಿಗೆ ಹೋದಳು, ಮತ್ತೆ ಅಂಗೈ ಒಡ್ಡಿದಳು. ವರ್ಷ ತಿರುಗಿ ಮಾರ್ನಾಮಿ ಹತ್ತಿರ ಬಂದಂತೆ ಹೊಂಬಾಳಮ್ಮನ ಜೀವ ರೈಲಿನ ಕಡೆಗೆ ಎಳೆಯತೊಡಗಿತು. ಪಟೇಲನ ಮಾತು ನೆನಪಿಗೆ ಬಾರದೆ ಇರಲಿಲ್ಲ. ಆದರೆ ಮಗಳಿಗೆ ಎಂಟಾಗಿತ್ತು. ಇನ್ನೆಷ್ಟು ಮಾರ್ನಾಮಿ ಉಳಿದಾವು?

"ಎದ್ದೇಳವ್ವ, ಕತ್ಲೆ ಅರಿಯೋದ್ರೊಳ್ಗೆ ಒಂಟೋಗುವ. ಈ ಸಲ ಯಾವೂರು ಅನ್ಲಿ, ನೀನೇ ಯೋಳು."

ಸೋಮಿ ಏಳಲಿಲ್ಲ. "ನಾನ್ ಬರಾಕಿಲ್ಲ ಕಣವ್ವ."

"ಯಾಕೆ? ಪಟೇಲಂಗ್ ಎದ್ರುಕೊಂಡ್ಯಾ?"

"ಇಲ್ಲ. ಸಂಜೆಗೆ ಬಿಚ್ಚಿ ಇಕ್ಕಾದಾದ್ರೆ ಯಾಕ್ ಉಟ್ಕೋಬೇಕು? ನಂಗ್ ಬ್ಯಾಡ ಬುಡು."

ಹೊಂಬಾಳಮ್ಮ ಒಬ್ಬಳೇ ನಡೆದಳು. ಬಿಬಿ ಜಾನ್ ಬಾಗಿಲಲ್ಲೇ ಅವಳ ಪಕ್ಕ, ಹಿಂದೆ ಹುಡುಕಿ ನೋಡಿದಳು.

"ಬೇಟಿ ಎಲ್ಲಿ? ನನ್ನ ಮೇಲೆ ಸಿಟ್ಟಾ? ನನ್ನ ಕೈ ಸುಟ್ಟೋಗ್ಲಿ, ಅವತ್ತು ಗೊತ್ತಾಗ್ಲಿಲ್ಲ ಹೊಂಬಾಳಾ."

"ನಿಮ್ದೇನ್ ತಪ್ಪು ಬೂಬಮ್ಮ. ಅವಳ ಕೈ ಹಿಡ್ಕೊಂಡು ಬಣ್ಣ ಹಚ್ದೋರು ನೀವೊಬ್ರೆಯಾ."

ಮೆಹಬೂಬ್ ಪಾಷಾ ಲಂಗದ ಮಡಿಕೆಯ ಹೊಲಿಗೆ ಬಿಚ್ಚಿ ನಾಲ್ಕು ಬೆರಳು ಉದ್ದ ಇಳಿಸಿದ. ಎಂದಿನಂತೆ ಬಿಬಿ ಜಾನ್ ಅದನ್ನು ಮರಳಿ ಇಡಲು ಪೆಟ್ಟಿಗೆ ತೆಗೆದಳು.

"ಬ್ಯಾಡ ಬೂಬಮ್ಮ," ಎಂದಳು ಹೊಂಬಾಳಮ್ಮ. "ಮನೆಗೇ ಒಯ್ತೀನಿ."

ಸ್ಟೇಷನ್ನಿಗೆ ಹೋಗಲಿಲ್ಲ. ಲಂಗವನ್ನು ಎದೆಗವಚಿಕೊಂಡು ಆರು ಮೈಲಿ ನಡೆದಳು. ಮಂಡ್ಯದಲ್ಲಿ ಅಭ್ಯಾಸದಂತೆ ಇಳಿಸಿ ಉಟ್ಟಿದ್ದ ಸೀರೆಯನ್ನು ಹೊಳಲು ದಾಟಿದ ಮೇಲೂ ಎತ್ತಿ ಕಟ್ಟಲಿಲ್ಲ. ಬೇಕೆಂದಲ್ಲ, ಮರೆತಿದ್ದಳು.

ಮರುದಿನ ಲಂಗವನ್ನು ನಾಲೆಯಲ್ಲಿ ಜಾಲಿಸಿ ತಂದು, ಗುಡಿಸಲ ಮುಂದೆ, ಊರ ಬೀದಿಯಿಂದ ನೇರ ಕಾಣುವ ಹಗ್ಗಕ್ಕೆ ಹರವಿದಳು. ಅತ್ತೆ ಚಿಕ್ಕಮಾದಮ್ಮ ಎದೆ ಎದೆ ಬಡಿದುಕೊಂಡಳು.

"ಒಳಿಕ್ ಆಕೇ! ಉಳಿಯಾಕ್ ಬುಡ್ತಾರಾ ನಮ್ಮನ್ನ?"

"ಒಳಗೆ ಒಣಗಾಕಿಲ್ಲ ಅತ್ತೆ."

ದನ ಹೊಡೆದುಕೊಂಡು ಹೊರಟಿದ್ದ ಕೆಂಪಸಿದ್ದಯ್ಯ ನಿಂತ. ದನಗಳು ಮುಂದೆ ಹೋದವು, ಅವನು ಹೋಗಲಿಲ್ಲ. ಗಾಳಿಗೆ ಕೆಂಪು ಅಂಚು ಎದ್ದು ಬಿದ್ದು ಮಾಡುವುದನ್ನು ಬಾಯಿ ತೆರೆದು ನೋಡಿದ. ಬೀದಿಯ ತುದಿಯಲ್ಲಿ ಮಂಗಳಮ್ಮ ಕೊಡ ಹಿಡಿದು ನಿಂತದ್ದು, ಆಮೇಲೆ ಕೊಡ ಕೆಳಗಿಟ್ಟು ಮನೆಯತ್ತ ಸರಸರ ತಿರುಗಿದ್ದು ಹೊಂಬಾಳಮ್ಮನಿಗೆ ಕಂಡಿತು.

ಸಗಣಿ ಕೈಯಲ್ಲೇ ಓಡಿಬಂದ ಸೋಮಿ ಹಗ್ಗದ ಕೆಳಗೆ ನಿಂತು ತಲೆ ಎತ್ತಿದಳು.

"ಎಷ್ಟೊತ್ಗೆ ಒಣಗ್ತದವ್ವ?"

"ಬಿಸ್ಲು ಚೆನ್ನಾಗದೆ. ಕೈ ತೊಳ್ಕೊಂಡ್ ಬಾ, ತಲೆ ಬಾಚ್ತೀನಿ."