ಕರಿ ಟೈಲ್ಸಿನ ಸರ್ಕಾರ

“ಏಳಾ ನಾಯಿ. ನಿನ್ನೆ ಬಿದ್ದದ್ದು ಸಾಕು. ನಿನ್ನ ನಾಟಕ ನೋಡ್ಲಿಕ್ಕೆ ಟಿಕೆಟ್ ತಕ್ಕೊಂಡಿದ್ದೇನಾ ನಾನು?”

ಸೂಪರ್‌ವೈಸರ್ ಅಫ್ಸಲ್ ಬೂಟುಗಾಲಿನಿಂದ ಕಾಸಿಂ ಕುಂಞಿಯ ಪಕ್ಕೆ ತಿವಿದ. ಅರಬರ ನಾಡಿನ ಶುವೈಖಿನಲ್ಲಿ ಒಂದು ಟೈಲ್ಸ್ ಗೋದಾಮಿನ ಅಂಗಳ, ಜುಲೈ ತಿಂಗಳ ಮಧ್ಯಾಹ್ನ. ಈ ಹೊತ್ತಿನಲ್ಲಿ ಯಾರನ್ನೂ ಬಿಸಿಲಲ್ಲಿ ದುಡಿಸಬಾರದೆಂದು ಕಾನೂನಿದೆ. ಅದಕ್ಕೇ, ಯಾರೂ ವಿಡಿಯೊ ತೆಗೆಯದ ಹಾಗೆ, ಅಫ್ಸಲ್ ಬೆಳಿಗ್ಗೆಯೇ ನಮ್ಮ ಫೋನುಗಳನ್ನು ಕಿತ್ತುಕೊಂಡು ಬಿಸ್ಕತ್ತಿನ ಡಬ್ಬಿಗೆ ತುಂಬಿಸುತ್ತಿದ್ದ. ನಿನ್ನೆ ಕಾಸಿಂ ಕಾಕ ಇಲ್ಲೇ ಕುಸಿದು ವಾಂತಿ ಮಾಡಿಕೊಂಡಿದ್ದರು. ಇವತ್ತೂ ಪೆಟ್ಟಿಗೆ ಹೊತ್ತರೆ ಏಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಅಫ್ಸಲ್ ಏಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಟೈಲ್ಸ್ ಕೊಯ್ಯುವ ಕೆಲಸದ ಡೊಮಿಂಗ್ ತನ್ನ ಮೆಷಿನ್ ನಿಲ್ಲಿಸಿ ನಕ್ಕ. ಅವನು ಫಿಲಿಪೈನ್ಸಿನ ನೆಗ್ರೋಸ್ ದ್ವೀಪದವನು. ಇಂಗ್ಲಿಷ್, ಹಿಂದಿ, ಅರಬಿ ಕಲಸಿ ಅಜ್ಜನ ಕಾಲದ ಕಥೆ ತೆಗೆದ. ಸ್ಪೇನಿನವರ ಆಳ್ವಿಕೆ, ಜನರ ಬಳಿ ಸಾಕಷ್ಟು ಬಂದೂಕಿಲ್ಲ. ತಾಳೆಗರಿಯ ದಿಂಡು ಕೆತ್ತಿ ಕೋವಿ ಮಾಡಿದರು. ಬಿದಿರಿನ ಚಾಪೆ ಸುತ್ತಿ ಕಪ್ಪು ಬಳಿದು ಫಿರಂಗಿ ಮಾಡಿದರು. ದೂರದಿಂದ ನೋಡಿದ ಸ್ಪೇನಿನ ಸೈನ್ಯ ಶರಣಾಯಿತು. ಬಂಡಾಯದವರ ಸರ್ಕಾರವೇ ಬಂತು.

“ಪ್ರೆಸಿಡೆಂಟ್ ಯಾರಾದ್ದು?” ಫೋರ್ಕ್‌ಲಿಫ್ಟಿನ ಮೇಲಿಂದ ರುಡಾಲ್ಫ್ ಕೇಳಿದ.

“ಅರ್ಬಾಬ್. ಶುಗರ್ ಕಾ ಅರ್ಬಾಬ್.”

“ಎಂಥ ಸಾವು ಮಾರಾಯ, ಪುನಃ ಕಬ್ಬಿನ ಧಣಿಯೇ? ಚಾಪೆ ಸುತ್ತಿದವ ಎಂಥ ಆದ?”

ಡೊಮಿಂಗ್ ಗಾಳಿಯಲ್ಲಿ ಕಬ್ಬು ಕಡಿದು ತೋರಿಸಿದ. “ದೆನ್ ಅಮೆರಿಕನ್ ಕಮಿಂಗ್. ಗವರ್ಮೆಂಟ್ ಖಲಾಸ್.”

“ನಮ್ಮ ಸರ್ಕಾರಕ್ಕೆ ಕಾಸಿಂ ಕಾಕನೇ ಪ್ರೆಸಿಡೆಂಟ್,” ಎಂದ ರುಡಾಲ್ಫ್.

“ಮೊದ್ಲು ಪ್ರೆಸಿಡೆಂಟಿಗೆ ಒಂದು ಗುಟುಕು ನೀರು ಕೊಡಾ,” ಎಂದರು ಕಾಕ, ನೆಲದಿಂದಲೇ.

ಡೊಮಿಂಗ್ ಹೊಳೆಯುವ ಕರಿ ಟೈಲ್ಸನ್ನು ಫೋನಿನ ಅಳತೆಗೆ ಕೊಯ್ದು ಹಂಚಿದ.

ಅಫ್ಸಲ್ ಹೊರಬಂದಾಗ ಯಾರೂ ಪೆಟ್ಟಿಗೆ ಎತ್ತಿರಲಿಲ್ಲ. ಎಲ್ಲರ ಮುಖದ ಮುಂದೆ ಒಂದೊಂದು ಕಪ್ಪು ತುಂಡು ಬಿಸಿಲಿಗೆ ಮಿನುಗುತ್ತಿತ್ತು.

“ಎಂಥದಾ ಅದು?”

“ಲೈವ್, ಸರ್. ಸ್ವಲ್ಪ ಈಚೆ ತಿರುಗಿ. ನಿಮ್ಮ ಮುಖ ಕಪ್ಪು ಬರ್ತಾ ಉಂಟು,” ಎಂದ ರುಡಾಲ್ಫ್.

“ಬೆಳಿಗ್ಗೆ ಎಲ್ಲರದ್ದೂ ತೆಗ್ದಿಟ್ಟಿದ್ದೇನಲ್ಲ, ಬೇವಾರ್ಸಿಗಳಾ?”

“ಅದು ಒಂದನೇದು, ಸರ್. ಇದು ಎರಡನೇದು.”

ಡೊಮಿಂಗ್ ಟೈಲ್ಸನ್ನು ಕಿವಿಗೊತ್ತಿ, ಲೇಬರ್ ಆಫೀಸಿನ ಯಾವನೋ ಸಾಹೇಬನಿಗೆಂಬಂತೆ ಅರಬಿಯಲ್ಲಿ ಗೋದಾಮಿನ ವಿಳಾಸ ಹೇಳತೊಡಗಿದ. ಅಫ್ಸಲ್ ಟೊಪ್ಪಿಯಿಂದ ಮುಖ ಮುಚ್ಚಿಕೊಂಡು ಕಾರಿಗೆ ಓಡಿ, ಗೇಟು ದಾಟಿ ಹೋದ.

ಏಸಿ ಕೋಣೆಯ ಬಾಗಿಲು ತೆರೆದೇ ಇತ್ತು. ಕಾಕನನ್ನು ಅಫ್ಸಲ್‌ನ ಚಕ್ರದ ಆಫೀಸ್ ಕುರ್ಚಿಯಲ್ಲಿ ಕೂರಿಸಿ ಒಂದು ಸುತ್ತು ಮೆರವಣಿಗೆ ಮಾಡಿದೆವು. ಬಿಸಿಲಲ್ಲಿ ಕೆಲಸ ಇಲ್ಲವೆಂದು ಸರ್ಕಾರದ ಮೊದಲ ಆಜ್ಞೆ ಹೊರಟಿತು. ಫ್ರಿಜ್ಜಿನಲ್ಲಿದ್ದ ಲಬನ್ ಮಜ್ಜಿಗೆ ರಾಷ್ಟ್ರೀಕರಣವಾಯಿತು. ರುಡಾಲ್ಫ್ ಹಾಡಬಾರದೆಂಬ ಆಜ್ಞೆಯನ್ನು ರುಡಾಲ್ಫ್ ಧಿಕ್ಕರಿಸಿದ. ಮೇಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿ ಒಡೆದು ನಮ್ಮ ನಮ್ಮ ಫೋನು ತೆಗೆದುಕೊಂಡೆವು.

ಹೊರಗೆ ಹಾರ್ನ್ ಕೇಳಿತು. ನಮ್ಮ ವೀಸಾದ ಧಣಿ ಕಫೀಲನ ಬಿಳಿ ಕಾರು ಗೇಟು ದಾಟಿ ಬಂತು. ಅದರ ಹಿಂದಿನ ಸೀಟಿನಿಂದ ಅಫ್ಸಲ್ ಇಳಿದ, ಈಗ ನಗುತ್ತಿದ್ದ.

“ಟೈಲ್ಸ್ ಅದು, ಬಾಬಾ. ಬರೀ ಟೈಲ್ಸ್. ಇವರ ಫೋನೆಲ್ಲ ನನ್ನ ಡಬ್ಬಿಯಲ್ಲುಂಟು.”

ಕಫೀಲ್ ನಮ್ಮತ್ತ ಬೆರಳು ಚಾಚಿ ಬಯ್ಯತೊಡಗಿದ: ಕತ್ತೆಗಳೇ, ಬಿಸಿಲಿಗೆ ನಡೆಯಿರಿ, ಇಲ್ಲದಿದ್ದರೆ ಎಲ್ಲರನ್ನೂ ಊರಿಗಟ್ಟುತ್ತೇನೆ. ನಾವು ಕೈ ಎತ್ತಿದೆವು. ಈ ಸಲ ಕೈಗಳಲ್ಲಿ ನಿಜವಾದ ಫೋನು, ರೆಕಾರ್ಡಿಂಗಿನ ಕೆಂಪು ಚುಕ್ಕೆ ಮಿಣುಕುತ್ತಿತ್ತು.

“ಅರ್ಬಾಬ್, ಬೈದದ್ದನ್ನು ಮೊದಲಿಂದ ಇನ್ನೊಮ್ಮೆ ಹೇಳಿ,” ಎಂದ ರುಡಾಲ್ಫ್.

ಕಾಕನ ಹಳೆಯ ಬಟನ್ ಫೋನಿನಲ್ಲಿ ಕ್ಯಾಮೆರಾ ಇರಲಿಲ್ಲ. ಅವರು ಕುರ್ಚಿಯಿಂದ ಏಳದೆ, ಒಂದು ಕಣ್ಣು ಮುಚ್ಚಿ, ಕರಿ ಟೈಲ್ಸನ್ನೇ ಕಫೀಲನ ಮುಖಕ್ಕೆ ಹಿಡಿದರು.